ಬಾಬಿನ್‌ನ ನಾಲ್ಕನೆಯ ಹೆಜ್ಜೆ

ಫೆಬ್ರವರಿ 8, ಭಾನುವಾರ. ತುಮಕೂರು

ಸೀರೆ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಇದು. ಪ್ರತಿ ವರ್ಷ ಇದರಲ್ಲಿ ಗಿರಾಕಿಗಳ ಅಳತೆ ಬರೆಯುತ್ತಿದ್ದೆ. ಎದೆ, ಸೊಂಟ, ತೋಳು, ಕುತ್ತಿಗೆ. ಈ ವರ್ಷ ಫೆಬ್ರವರಿ ಬಂದರೂ ಒಂದು ಪುಟವೂ ಮೈಲಿಗೆಯಾಗಿಲ್ಲ. ಬ್ಲೌಸ್ ಹೊಲಿಯುವವಳ ಬಲಗೈ ಭುಜದಿಂದ ಮೇಲಕ್ಕೆ ಏಳದಿದ್ದರೆ ಯಾರ ಅಳತೆ ಅಂತ ಬರೆಯುವುದು? ಡೈರಿ ಹಾಳಾಗಬಾರದು ಅಂತ ನಾಯಿಯ ಕಥೆಯನ್ನಾದರೂ ಬರೆಯೋಣ.

ನವೆಂಬರಿನಲ್ಲಿ ಪಕ್ಕದ ಕೋರ ಊರಿನ ಮದುವೆ ಮನೆಗೆ ಬ್ಲೌಸ್‌ಗಳನ್ನು ಕೊಟ್ಟು ಸ್ಕೂಟಿಯಲ್ಲಿ ಬರುತ್ತಿದ್ದೆ. ನಮ್ಮ ನಾಯಿ ಬಾಬಿನ್ ಎಂದಿನಂತೆ ನನ್ನ ಕಾಲ ಹತ್ತಿರ ನಿಂತು ಗಾಳಿ ಕುಡಿಯುತ್ತಿದ್ದ. ಹಿಂದಿನಿಂದ ಬಂದ ಕಾರು ಸವರಿಕೊಂಡು ಹೋಯಿತು, ನಿಲ್ಲಲೂ ಇಲ್ಲ. ನಾನು ಈ ಕಡೆ ಬಿದ್ದೆ, ಅವನು ಆ ಕಡೆ. ನನಗೆ ಬಲಭುಜ ಮುರಿಯಿತು, ಅವನಿಗೆ ಬಲಗಡೆಯ ಹಿಂಗಾಲು. ನನ್ನ ಡಾಕ್ಟರೂ ಅವನ ಡಾಕ್ಟರೂ ಒಬ್ಬರಿಗೊಬ್ಬರು ಹೇಳಿಕೊಟ್ಟಂತೆ ಒಂದೇ ಮಾತು ಹೇಳಿದರು: "ಮೂಳೆ ಚೆನ್ನಾಗಿ ಕೂಡಿದೆ." ಕೂಡಿದ್ದೇನೋ ಸರಿ. ನನ್ನ ಕೈ ಮೇಲೇಳುವುದಿಲ್ಲ, ಅವನ ಕಾಲು ಕೆಳಗಿಳಿಯುವುದಿಲ್ಲ.

ನನ್ನದು ಹಾಗಿರಲಿ. ನಿನ್ನೆ ಡಾಕ್ಟರ್ ಮೋನಿಕಾ ಅವನ ತೊಡೆಯನ್ನು ಹಿಡಿದು ನೋಡಿ ಮುಖ ಸಣ್ಣದು ಮಾಡಿಕೊಂಡರು. "ಮೇಡಂ, ಕಾಲು ಊರದೆ ಮಾಂಸ ಕರಗ್ತಾ ಇದೆ, ಕೀಲೂ ಬಿಗೀತಾ ಇದೆ. ಹೀಗೇ ಎತ್ಕೊಂಡೇ ಓಡಾಡಿದ್ರೆ ಕಾಲು ಪೂರ್ತಿ ಸೆಟೆದು, ಅಲ್ಲಿ ಇಲ್ಲಿ ತಗುಲಿ ಹುಣ್ಣಾಗತ್ತೆ. ಆಮೇಲೆ ಕಾಲು ತೆಗೀದೆ ಬೇರೆ ದಾರಿ ಇರಲ್ಲ. ಮಳೆಗಾಲದೊಳಗೆ ಆ ಕಾಲಿಗೆ ಕೆಲಸ ಕೊಡಿ. ಈಜಿಸಿ. ನೀರಲ್ಲಿ ಮೈಭಾರ ಗೊತ್ತಾಗಲ್ಲ, ಕಾಲು ಆಡಿಸಲೇಬೇಕು."

ಈಜಿಸಿ ಅಂತೆ! ಬಾಬಿನ್ ನನಗೆ ಸಿಕ್ಕಿದ್ದೇ ಮಳೆಯ ದಿನ ಅಂಗಡಿ ಮುಂದಿನ ಚರಂಡಿಯಲ್ಲಿ, ಮೂಗಿನವರೆಗೂ ಮುಳುಗಿ. ಒಣಗಿಸಿದ ಮೇಲೆ ಮೆಷಿನ್ ಸುತ್ತ ದಾರದ ಬಾಬಿನ್ ಥರ ಸುತ್ತುತ್ತಿದ್ದ, ಅದೇ ಹೆಸರಾಯಿತು. ಅಂದಿನಿಂದ ಇಂದಿನವರೆಗೆ ಅವನ ಎದುರು ಮಗ್ಗು ಹಿಡಿದರೆ ಸಾಕು, ಮೆಷಿನ್ ಕೆಳಗೆ ಹೋಗಿ ಪೆಡಲ್ ತಬ್ಬಿಕೊಳ್ಳುತ್ತಾನೆ.

ಬೆಳಗ್ಗೆ ಇಂಪನಾ ನನಗೆ ಜಡೆ ಹಾಕುತ್ತಾ, ಒಂದು ಕಣ್ಣು ಮೊಬೈಲಿನಲ್ಲಿಟ್ಟುಕೊಂಡೇ ಕೇಳಿದಳು: "ಅಮ್ಮ, ಎಕ್ಸರ್‌ಸೈಜ್ ಮಾಡಿದ್ಯಾ?" ಗೋಡೆಯ ಮೇಲೆ ಬೆರಳಿನಲ್ಲಿ ಹತ್ತುತ್ತಾ ಹತ್ತುತ್ತಾ ಕೈ ಎತ್ತಬೇಕಂತೆ. ನಾನೇನು ಹಲ್ಲಿಯೇ? ಹದಿನೆಂಟರ ಹುಡುಗಿಗೆ ನಾನು ಜಡೆ ಹಾಕಬೇಕಿತ್ತು, ಅವಳ ಕೈಯಲ್ಲಿ ನಾನು ಹಾಕಿಸಿಕೊಳ್ಳುತ್ತಿದ್ದೇನೆ. ಕಾಲೇಜಿರುವ ದಿನವಂತೂ ಲೇಟಾಗುತ್ತದೆಂದು ಎಳೆದೆಳೆದು ಹಾಕುತ್ತಾಳೆ.

ಫೆಬ್ರವರಿ 10, ಮಂಗಳವಾರ

ಬಚ್ಚಲಲ್ಲಿ ಬೆಚ್ಚಗಿನ ನೀರು ಹಾಕಿ ಬಾಬಿನ್‌ನನ್ನು ನಿಲ್ಲಿಸಿ ನೋಡಿದೆ. ಒಂದು ತಂಬಿಗೆ ನೀರು ಬೀಳುವಷ್ಟರಲ್ಲಿ ನನ್ನ ಕಾಲ ಸಂದಿಯಿಂದ ನುಗ್ಗಿ ಹಾಲ್ ದಾಟಿ ಮಂಚದ ಕೆಳಗೆ ಸೇರಿದ. ಟೈಲ್ಸ್ ಮೇಲೆ ಉದ್ದಕ್ಕೂ ಒದ್ದೆ ಹೆಜ್ಜೆಗಳು. ಮೂರು, ಮೂರು, ಮೂರು. ನಾಲ್ಕನೆಯದು ಎಲ್ಲೂ ಇಲ್ಲ. ಒರೆಸುತ್ತಾ ಒರೆಸುತ್ತಾ ಅಳು ಬಂತು.

ರಸ್ಕಿನ ಡಬ್ಬ ತೋರಿಸಿ ಕರೆಯೋಣವೆಂದರೆ ಅದು ಮೇಲಿನ ಶೆಲ್ಫಿನಲ್ಲಿ. ಯಜಮಾನರು ಬರುವ ತನಕ ಡಬ್ಬ ಮೇಲೆ, ನಾಯಿ ಕೆಳಗೆ, ನಾನು ನಡುವೆ.

ನಮ್ಮ ಯಜಮಾನರು ನಾಗೇಶ್, ಲಗೇಜ್ ಗಾಡಿ ಓಡಿಸುವವರು, ಊರಿನ ಈಜುಕೊಳಗಳನ್ನೆಲ್ಲ ಕೇಳಿ ಬಂದರು. "ನಾಯಿಗಾ?" ಅಂತ ಎಲ್ಲರೂ ನಕ್ಕರಂತೆ. ಕೆರೆಗೆ ಬಿಡುವ ಧೈರ್ಯ ನನಗಿಲ್ಲ. ಆಗ ಚೇಳೂರಿನ ಮಾವನ ತೋಟದ ತೊಟ್ಟಿ ನೆನಪಾಯಿತು.

ಫೆಬ್ರವರಿ 15, ಭಾನುವಾರ. ಚೇಳೂರು

ಇವರ ಗಾಡಿಯಲ್ಲೇ ಗುಬ್ಬಿ ದಾಟಿ ಮಾವನ ಮನೆಗೆ ಬಂದೆವು. ಗಂಗಹನುಮಯ್ಯ ನನ್ನ ಸೋದರಮಾವ. ತೆಂಗಿನ ತೋಟದ ನಡುವೆ ಪಂಪ್‌ಮನೆ, ಅದರ ಮುಂದೆ ಎದೆಯುದ್ದದ ದೊಡ್ಡ ತೊಟ್ಟಿ. ಬೋರಿನ ನೀರು ದಪ್ಪ ಪೈಪಿನಿಂದ ಅದಕ್ಕೆ ಬಿದ್ದು ಆಮೇಲೆ ತೋಟಕ್ಕೆ ಹರಿಯುತ್ತದೆ. ಅತ್ತೆ ಬಟ್ಟೆ ಒಗೆಯಲೆಂದು ತೊಟ್ಟಿಯ ಒಳಗೆ ನಾಲ್ಕು ಮೆಟ್ಟಿಲು ಕಟ್ಟಿಸಿಕೊಂಡಿದ್ದಾರೆ. ನಾಯಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೇ?

ವಿಷಯ ಕೇಳಿ ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಾಯಿಗೆ ಈಜು ಹೇಳ್ಕೊಡ್ತಾರೇನಮ್ಮ? ಅದು ಹುಟ್ತಾನೇ ಕಲ್ತ್ಕೊಂಡ್ ಬಂದಿರ್ತದೆ. ಎತ್ತಿ ಒಗಿ, ಕಾಲು ಬಡ್ಕೊಂಡು ತಾನೇ ಬತ್ತದೆ. ನಿಮ್ಮಣ್ಣನ್ನ ಬಾವಿಗೆ ತಳ್ಳೇ ಅಲ್ವಾ ನಾನು ಕಲ್ಸಿದ್ದು?"

"ಅದಕ್ಕೇ ಮಾವ, ಅಣ್ಣ ಇವತ್ತಿಗೂ ನಿಮ್ಮನ್ನ ಕಂಡ್ರೆ ರಸ್ತೆ ಆ ಕಡೆ ಹೋಗೋದು" ಅಂದೆ.

ಮಾತಿಗೆ ನಿಲ್ಲುವ ಜೀವವಲ್ಲ ಅದು. ಬಾಬಿನ್‌ನನ್ನು ಹೊಟ್ಟೆಯಡಿ ಕೈಹಾಕಿ ಎತ್ತೇಬಿಟ್ಟರು. ನಾನು ಕಿರುಚಿದ ಸದ್ದಿಗೆ ತೋಟದ ಗಿಳಿಗಳೆಲ್ಲ ಎದ್ದುಹೋದವು. ಮಾವ ಬೆಚ್ಚಿ ಕೆಳಗಿಳಿಸಿದರು. ಬಾಬಿನ್ ನನ್ನ ಸೀರೆಯೊಳಗೆ ಮೂತಿ ತೂರಿಸಿ ನಡುಗುತ್ತಿದ್ದ.

ಶಿವರಾತ್ರಿ ಉಪವಾಸದಲ್ಲಿದ್ದ ಪುಟ್ಟಗಂಗಮ್ಮತ್ತೆ ಜಗಲಿಯಿಂದಲೇ ಎಲ್ಲ ನೋಡುತ್ತಿದ್ದರು. "ಅದನ್ನ ನೀರಿನ ತಾವಕ್ಕೆ ಯಾಕೆ ಎಳ್ಕೊಂಡೋಗ್ತೀರಾ? ತೊಟ್ಟಿ ಖಾಲಿ ಮಾಡಿ. ಮೊದ್ಲು ಅದು ಬರೀ ತೊಟ್ಟೀಲಿ ಆಡ್ಲಿ. ಆಮ್ಯಾಕೆ ಅದು ಇರೋ ಕಡೀಕೇ ನೀರು ಬುಡಿ, ಒಂದೊಂದ್ ಗೇಣು."

ಹೊಟ್ಟೆ ಖಾಲಿಯಿದ್ದರೂ ಅತ್ತೆಯ ತಲೆ ಖಾಲಿಯಿರಲಿಲ್ಲ. ನಾನು ಇಲ್ಲೇ ಉಳಿಯುವುದೆಂದು ಆಯಿತು. ಹೇಗೂ ಅಂಗಡಿ ಬಾಗಿಲು ಹಾಕಿದೆ. ಇಂಪನಾ ಫೋನಿನಲ್ಲಿ, "ನಿನ್ನ ಜಡೆ?" ಅಂದಳು. ಅತ್ತೆ ಹಾಕುತ್ತಾರಂತೆ ಅಂದೆ.

ಫೆಬ್ರವರಿ 22, ಭಾನುವಾರ

ತೊಟ್ಟಿ ಖಾಲಿ ಮಾಡಿ ಪಾಚಿ ಉಜ್ಜಿದೆವು. ನಾನು ಎಡಗೈಯಲ್ಲಿ, ಮಾವ ಗೊಣಗುತ್ತಾ. ಬಾಬಿನ್ ಮೇಲಿನಿಂದ ಮೇಸ್ತ್ರಿಯಂತೆ ನೋಡುತ್ತಿದ್ದ. ಕೊನೆಯ ಮೆಟ್ಟಿಲ ಮೇಲೆ ರಸ್ಕಿಟ್ಟು ನಾನು ತೊಟ್ಟಿಯೊಳಗೆ ಗೋಡೆಗೊರಗಿ ಕುಳಿತೆ. ತಿರುಗಿಯೂ ನೋಡಲಿಲ್ಲ, ಕರೆಯಲೂ ಇಲ್ಲ. ಎಷ್ಟೋ ಹೊತ್ತಿನ ಮೇಲೆ ಕಿವಿಯ ಹತ್ತಿರ ಕರುಂ ಕುರುಂ ಕೇಳಿಸಿತು.

ಫೆಬ್ರವರಿ 26, ಗುರುವಾರ

ಮಧ್ಯಾಹ್ನ ತೊಟ್ಟಿಯ ನೆರಳಲ್ಲಿ ಬಾಬಿನ್ ನಿದ್ದೆ ಮಾಡಿದ. ಬರಿಯ ತೊಟ್ಟಿ. ಆದರೂ.

ಮಾರ್ಚ್ 3, ಮಂಗಳವಾರ

ಇವತ್ತು ಅವನು ರಸ್ಕು ತಿನ್ನುತ್ತಿದ್ದಾಗ ಅತ್ತೆ ಬಿಂದಿಗೆಯಿಂದ ಸದ್ದಾಗದ ಹಾಗೆ ನೀರು ಬಿಟ್ಟರು. ಬೆರಳು ಮುಳುಗುವಷ್ಟು. ಬಾಬಿನ್ ಒಂದು ಕಾಲೆತ್ತಿ ಝಾಡಿಸಿದ, ಇನ್ನೊಂದನ್ನು ಎತ್ತಿದ. ನಾಲ್ಕನೆಯದಂತೂ ಮೊದಲೇ ಎತ್ತಿರುತ್ತಾನೆ, ಹಾಗಾಗಿ ಹೆಚ್ಚು ಎತ್ತುವುದಕ್ಕೆ ಉಳಿದಿರಲಿಲ್ಲ. ಕೊನೆಗೆ ನಿಂತ. "ಹನಿ ಹನಿ ಕೂಡಿದ್ರೆ ಹಳ್ಳ ಕಣಮ್ಮ" ಅಂದರು ಅತ್ತೆ.

ತೋಟದ ತೆಂಗಿನ ಮರಗಳಿಗೆ ನೀರು ಬಿಡುವ ಸರದಿಯನ್ನು ನಾಯಿಗಾಗಿ ಬದಲಾಯಿಸಿದ್ದಾರೆ ಮಾವ. ಬಾಯಲ್ಲಿ ಮಾತ್ರ, "ಊರಿಗೊಂದ್ ದಾರಿಯಾದ್ರೆ ನಮ್ ಪ್ರೇಮಂಗೊಂದ್ ದಾರಿ" ಅಂತ ನನ್ನನ್ನು ಆಡಿಕೊಳ್ಳುತ್ತಿರುತ್ತಾರೆ.

ಮಾರ್ಚ್ 8, ಭಾನುವಾರ

ನೀರು ಅವನ ಹೊಟ್ಟೆಗೆ ಬಂತು. ಇನ್ನು ತೇಲಿಸುವ ಅಂಗಿ ಬೇಕು. ಹೊಲಿಯುವವಳು ನಾನಿರುವಾಗ ಅಂಗಡಿಯದೇಕೆ? ಬಾಬಿನ್‌ನನ್ನು ನಿಲ್ಲಿಸಿ ಅಳತೆ ತೆಗೆದೆ. ಎದೆ ಇಪ್ಪತ್ತನಾಲ್ಕು, ಕುತ್ತಿಗೆ ಹದಿನೈದು. ಈ ವರ್ಷದ ನನ್ನ ಮೊದಲ ಗಿರಾಕಿ. ಅತ್ತೆಯ ಹಳೆಯ ಮೆಷಿನ್ನಿಗೆ ಎಣ್ಣೆ ಬಿಟ್ಟು, ಕೆಂಪು ಕ್ಯಾನ್ವಾಸ್ ಬಟ್ಟೆಯಲ್ಲಿ ಹೊಲಿದೆ. ಬೆನ್ನ ಮೇಲೆ ಹಿಡಿಯಲು ಪಟ್ಟಿ, ಕುತ್ತಿಗೆಗೆ ಕೆಂಪು ಲಾಡಿ. ಕೂಡಿಕೊಂಡ ಕೈಗೆ ಕತ್ತರಿ ಭಾರವಾಯಿತು, ಬಟ್ಟೆಯನ್ನು ಅತ್ತೆ ಕತ್ತರಿಸಿಕೊಟ್ಟರು. ಒಳಗೆ ತೇಲುವುದಕ್ಕೆ ಸ್ಪಂಜು. ಪ್ಯಾಡೆಡ್ ಬ್ಲೌಸಿಗೆ ಹಾಕುವ ಒಳ್ಳೆಯ ಸ್ಪಂಜು, ಇವರಿಗೆ ಹೇಳಿ ನನ್ನ ಅಂಗಡಿಯಿಂದ ತರಿಸಿದ್ದೆ. ಫಿಟ್ಟಿಂಗ್ ಅಂದರೆ ಫಿಟ್ಟಿಂಗ್. ಮದುಮಗಳಿಗೂ ಅಷ್ಟು ಚೆನ್ನಾಗಿ ಕೂರುವುದಿಲ್ಲ.

ನೀರಿಗಿಳಿಸಿದರೆ ಏನಾಯಿತು? ಸ್ಪಂಜು ಗಟಗಟ ನೀರು ಕುಡಿಯಿತು. ಎದೆಭಾಗ ನೆನೆದ ಹಾಸಿಗೆಯಷ್ಟು ಭಾರವಾಗಿ ಬಾಬಿನ್ ಮೂತಿಯಡಿಯಾಗಿ ಮುಗ್ಗರಿಸಿದ. ನಾನು ಉಟ್ಟ ಸೀರೆಯಲ್ಲೇ ಧುಮುಕಿ ಎರಡೂ ಕೈಯಲ್ಲಿ ತಬ್ಬಿ ಎತ್ತಿದೆ. ಇಪ್ಪತ್ತೆರಡು ವರ್ಷದಿಂದ ಬ್ಲೌಸ್ ಹೊಲಿದು ಹೊಲಿದು, ನೀರಿಗೂ ಬ್ಲೌಸಿನ ಸ್ಪಂಜೇ ಸಾಕು ಅಂದುಕೊಂಡೆನಲ್ಲ! ಮೈಯೆಲ್ಲ ನೋವು, ಅದಕ್ಕಿಂತ ಹೆಚ್ಚು ನಾಚಿಕೆ.

"ಅಂಗಿ ಹೊಲ್ದಿದ್ದೋ, ಕುತ್ಗೆಗೆ ಕಲ್ಲು ಕಟ್ಟಿದ್ದೋ?" ಅಂತ ಮಾವ ನಕ್ಕರು. ಸಂಜೆ ಹೊಲದ ಬದುವಿನಿಂದ ಒಣಗಿದ ಕತ್ತಾಳೆ ಕಂಬ ಕಡಿದು ತಂದು, ಹಗುರ ಬೆಂಡನ್ನು ಅಂಗೈ ಅಗಲಕ್ಕೆ ಸೀಳಿಕೊಟ್ಟರು. ನಮ್ಮ ಕಡೆ ಮಕ್ಕಳಿಗೆ ಬೆನ್ನಿಗೆ ಕಟ್ಟಿ ಈಜು ಕಲಿಸುವುದು ಇದನ್ನೇ. "ನಮ್ಮಣ್ಣಂಗೆ ಮಾತ್ರ ಯಾಕೆ ಕಟ್ಟಲಿಲ್ಲ ಮಾವ?" ಅಂದರೆ ಕೇಳಿಸದವರಂತೆ ಹೋದರು. ಸ್ಪಂಜು ಬಿಚ್ಚಿ, ಎರಡು ಪಕ್ಕೆಗೂ ಬೆಂಡು ಸೇರಿಸಿ ಹೊಲಿದೆ.

ಮಾರ್ಚ್ 14, ಶನಿವಾರ

ಬರೆಯಲೇಬೇಕಾದ ದಿನ. ಹಳೆಯ ಚೂಡಿದಾರ ಹಾಕಿಕೊಂಡು ಎದೆಮಟ್ಟದ ನೀರಲ್ಲಿ ನಿಂತು, ಎರಡು ಕೈಯನ್ನೂ ಮುಂದಕ್ಕೆ ಚಾಚಿ ಅವನ ಅಂಗಿಯ ಪಟ್ಟಿ ಹಿಡಿದು ಹಿಂದೆ ಹಿಂದೆ ನಡೆದೆ. ಅವನು ಮೆಟ್ಟಿಲು ಬಿಟ್ಟು ತೇಲಿದ. ಕಣ್ಣು ಇಷ್ಟಗಲ. ಮುಂಗಾಲುಗಳು ನೀರನ್ನು ಅಗೆಯುತ್ತಿದ್ದವು. ನಾನು ಬಗ್ಗಿ ನೀರೊಳಗೆ ನೋಡಿದೆ. ಆಡುತ್ತಿತ್ತು! ಆ ಒಣಕಲು ಕಾಲು, ನಾಲ್ಕು ತಿಂಗಳಿಂದ ಹೊಟ್ಟೆಗಂಟಿಕೊಂಡಿದ್ದ ಕಾಲು, ನಿಧಾನಕ್ಕೆ, ಉಳಿದ ಮೂರರ ಹಿಂದೆ ಹಿಂದೆ ಆಡುತ್ತಿತ್ತು.

"ಅತ್ತೇ!" ಅಂತ ಕೂಗಿದೆ. ಅತ್ತೆ ಒಲೆಯ ಮೇಲಿನ ಹಾಲು ಬಿಟ್ಟು ಬಂದರು. ಹಾಲು ಉಕ್ಕಿತು. ಯಾರೂ ಬೈಯಲಿಲ್ಲ.

ಮಾರ್ಚ್ 16, ಸೋಮವಾರ

ಎಲ್ಲ ಹಾಳಾಯಿತು.

ಇಲ್ಲಿ ತೋಟಕ್ಕೆ ತ್ರೀಫೇಸ್ ಕರೆಂಟು ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿಲ್ಲ. ಅದಕ್ಕೇ ಎಲ್ಲ ರೈತರೂ ಸ್ಟಾರ್ಟರನ್ನು ಆಟೋಗೆ ಹಾಕಿಟ್ಟಿರುತ್ತಾರೆ. ಕರೆಂಟು ಬಂದ ಕೂಡಲೇ ಮೋಟಾರು ತಾನೇ ಓಡುತ್ತದೆ, ಮನುಷ್ಯ ಕಾಯಬೇಕಾಗಿಲ್ಲ. ಈ ವಾರ ಸಂಜೆ ಕರೆಂಟಿನ ಸರದಿ ಅಂದಿದ್ದರು. ನಾವು ಬೆಳಗ್ಗೆ ತೊಟ್ಟಿಗಿಳಿದೆವು. ಬಾಬಿನ್ ಇವತ್ತು ತಾನಾಗಿಯೇ ಮೂರನೆಯ ಮೆಟ್ಟಿಲವರೆಗೆ ಬಂದಿದ್ದ. ಪಟ್ಟಿ ಹಿಡಿದು ತೇಲಿಸುತ್ತಾ ಸರಿಯಾಗಿ ಪೈಪಿನ ಬಾಯ ಕೆಳಗೆ ತಂದಿದ್ದೆ. ಪಂಪ್‌ಮನೆಯಲ್ಲಿ ಟಕ್ ಅಂದಿತು. ಅದು ಏನೆಂದು ನನಗೆ ಹೊಳೆಯುವುದರೊಳಗೆ ಪೈಪು ಗುರ್ರ್ ಎಂದು ಕೆಮ್ಮಿ, ಬಿಂದಿಗೆ ದಪ್ಪದ ನೀರು ಅವನ ನೆತ್ತಿಯ ಮೇಲೆ ಬಿತ್ತು.

ಅವನು ಮುಳುಗಿದ. ನಾನೂ ಜಾರಿದೆ. ಎದ್ದು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಕೆಂಪಂಗಿ ಮೆಟ್ಟಿಲು ಹತ್ತಿ, ತೋಟ ದಾಟಿ, ಬೇಲಿಯಡಿ ನುಸುಳಿ ಮಾಯ. ಹಿಂದೆ ಓಡಿದೆ. ಕೂಗಿದೆ. ಮಾವ, ಅತ್ತೆ, ಪಕ್ಕದ ತೋಟದವರು ಎಲ್ಲರೂ ಕತ್ತಲಾಗುವ ತನಕ ಹುಡುಕಿದರು. ಸಿಗಲಿಲ್ಲ.

ಮಾವ ಮುದ್ದೆ ಮುರಿಯಲಿಲ್ಲ. "ನನ್ ಕೈಯಾರೆ ಆಟೋಗೆ ಹಾಕಿದ್ದು ಕಣಮ್ಮ. ರೂಢಿ. ಆ ನಾಯಿ ಒಳಗಿದೆ ಅನ್ನೋದು ತಲೆಗೇ ಬರ್ಲಿಲ್ಲ" ಅಂತ ಗೋಡೆ ನೋಡುತ್ತಾ ಕುಳಿತರು. ಅವರ ಮೇಲೆ ಕೋಪ ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಕಾಲು ಹೋದರೆ ಹೋಗಲಿ, ನಾಯಿ ಸಿಗಲಿ ದೇವರೇ.

ಮಾರ್ಚ್ 17, ಮಂಗಳವಾರ

ಸಿಕ್ಕಿದ! ಸಿಕ್ಕಿದ! ಸಿಕ್ಕಿದ!

ಚೇಳೂರು ಬಸ್‌ಸ್ಟಾಂಡಿನ ಪಕ್ಕ ಸರ್ದಾರ್ ಪಾಷಾ ಅನ್ನುವವರ ಪಂಕ್ಚರ್ ಅಂಗಡಿ. ಕೆಂಪಂಗಿ ತೊಟ್ಟ ನಾಯಿಯನ್ನು ನೋಡಿದಿರಾ ಅಂತ ನಾನು ಕೇಳುವ ಮೊದಲೇ ಅವರು ಒಳಗೆ ಕೈ ತೋರಿಸಿದರು. "ನಿಮ್ದಾ ಅಕ್ಕ ಈ ಸಾಹೇಬ್ರು? ಬೆಳಗ್ಗಿಂದ ಗುಬ್ಬಿ ಬಸ್ ಬಂದಾಗೆಲ್ಲ ಹೋಗಿ ಬಾಗಿಲಲ್ಲಿ ಇಣುಕ್ತಾರೆ. ಬಸ್ ಹೋಯ್ತಾ, ವಾಪಸ್ ಬಂದು ನನ್ ನೀರಲ್ಲಿ ನಿಂತ್ಕೋತಾರೆ. ನಾನು ಟ್ಯೂಬ್ ಚೆಕ್ ಮಾಡೋದು ಹೆಂಗೆ ಹೇಳಿ?"

ನೋಡಿದರೆ ಟ್ಯೂಬು ಮುಳುಗಿಸಿ ತೂತು ಹುಡುಕುವ ನೀರಿನ ಅಗಲ ಬಾಣಲೆ. ಅದರಲ್ಲಿ ಮುಂಗಾಲೆರಡನ್ನೂ ಇಟ್ಟುಕೊಂಡು, ಬಿಸಿಲಿಗೆ ನಾಲಿಗೆ ಚಾಚಿ, ಮಹಾರಾಜನಂತೆ ನಿಂತಿದ್ದ ಬಾಬಿನ್. ನನ್ನನ್ನು ಕಂಡು ಬಾಲವೊಂದೇ ಅಲ್ಲ, ಹಿಂಭಾಗವೆಲ್ಲ ಅಲ್ಲಾಡಿತು. ಅವನ ಕುತ್ತಿಗೆ ತಬ್ಬಿ ಬಸ್‌ಸ್ಟಾಂಡಿನಲ್ಲೇ ಗೊಳೋ ಎಂದು ಅತ್ತುಬಿಟ್ಟೆ. ಪಾಷಾ ಅವರು ನನಗೆ ಟೀ ತರಿಸಿದರು, ಅವನಿಗೆ ಬನ್ನು.

ಮನೆಗೆ ಬರುವಾಗ ದಾರಿಯಲ್ಲಿ ಹೊಳೆಯಿತು. ಬಾಣಲೆಯ ನೀರಲ್ಲಿ ತಾನಾಗಿ ನಿಂತಿದ್ದವನು ನೀರಿಗೆ ಹೆದರುವವನಲ್ಲ. ಅವನಿಗೆ ಈಗ ಭಯವಿರುವುದು ಆ ಪೈಪಿಗೆ. ಇದನ್ನು ಹೇಳಿದಾಗ ಮಾವ ಎದ್ದು ಹೋಗಿ ಸ್ಟಾರ್ಟರಿನ ಆಟೋ ತೆಗೆದು ಬಂದರು. ಊರಲ್ಲಿ ಈಗ ಆಟೋ ಇಲ್ಲದ ಸ್ಟಾರ್ಟರು ಅವರದೊಂದೇ. ಕರೆಂಟು ಬಂತೇ ಎಂದು ತಾವೇ ಹೋಗಿ ಹೋಗಿ ನೋಡುತ್ತಾರೆ.

ಮಾರ್ಚ್ 20, ಶುಕ್ರವಾರ

ನಿನ್ನೆ ಯುಗಾದಿ, ಇವತ್ತು ಬಾಡೂಟದ ಹೊಸತೊಡಕು. ಇವರೂ ಇಂಪನಾಳೂ ಬಂದಿದ್ದಾರೆ. ಮೂರು ದಿನದಿಂದ ಬಾಬಿನ್ ತೊಟ್ಟಿಯ ಕಡೆ ಮುಖ ಹಾಕಿರಲಿಲ್ಲ. ಮಟನ್ ಸಾರಿನ ಮೂಳೆಯ ವಾಸನೆಗೆ ಮಾತ್ರ ಮನಸ್ಸು ಕರಗಿತು. ಒಂದು ಮೆಟ್ಟಿಲಿಗೆ ಒಂದು ಮೂಳೆ. ಎರಡನೆಯ ಮೆಟ್ಟಿಲಲ್ಲಿ ನಿಂತು ಪೈಪನ್ನು ನೋಡಿದ, ಮೂಳೆಯನ್ನು ನೋಡಿದ, ಮತ್ತೆ ಪೈಪನ್ನು ನೋಡಿದ. ಹಬ್ಬದ ದಿನ ಎಲ್ಲರೂ ಊಟದೆಲೆ ಬಿಟ್ಟು ತೊಟ್ಟಿಯ ಸುತ್ತ ಉಸಿರು ಹಿಡಿದು ನಿಂತಿದ್ದೆವು. ಮೂಳೆ ಗೆದ್ದಿತು.

ಇಂಪನಾ ಜಡೆ ಹಾಕುವಾಗ, "ಅಮ್ಮ, ಕಪ್ಪಗಾಗಿದೀಯ, ಮೀನಿನ ವಾಸ್ನೆ ಬೇರೆ" ಅಂದಳು. ಇವತ್ತು ಎಳೆಯಲಿಲ್ಲ.

ಏಪ್ರಿಲ್ 5, ಭಾನುವಾರ

ಉದುರಿದ ತೆಂಗಿನ ಹೀಚುಕಾಯಿ ಎಂದರೆ ಬಾಬಿನ್‌ಗೆ ಹುಚ್ಚು. ನೀರಲ್ಲಿ ತೇಲುತ್ತದೆ, ಬಾಯಿಗೂ ಸರಿಯಾಗಿ ಸಿಗುತ್ತದೆ. ಎಸೆದರೆ ಈಜಿ ಹೋಗಿ ಕಚ್ಚಿ ತರುತ್ತಾನೆ. ನಾನು ಪಟ್ಟಿ ಬಿಟ್ಟು ಹತ್ತು ದಿನವಾಯಿತು. ಪಕ್ಕದಲ್ಲೇ ಕೈ ಬಡಿಯುತ್ತಾ ನಾನೂ ಹೋಗುತ್ತೇನೆ, ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು? ಇವತ್ತು ಒಂದು ಕಾಯಿ ತೊಟ್ಟಿ ದಾಟಿ ಅತ್ತೆಯ ಬದನೆ ಗಿಡಕ್ಕೆ ಬಿತ್ತು. "ಏನಮ್ಮ, ಕ್ರಿಕೆಟ್ ಆಡ್ತಿದೀಯಾ?" ಅಂದರು ಮಾವ. ಅತ್ತೆಗೆ ಮೂರು ಬದನೆಕಾಯಿ ನಷ್ಟ.

ಏಪ್ರಿಲ್ 9, ಗುರುವಾರ

ಮಾವ ಈಗ ಮೊದಲು ನನಗೆ ಕೂಗಿ ಹೇಳಿ, ಆಮೇಲೆ ಮೋಟಾರು ಹಾಕುತ್ತಾರೆ. ಬಾಬಿನ್ ಆಗ ಜಗಲಿಯಲ್ಲಿರುತ್ತಾನೆ. ಕಿವಿ ನೆಟ್ಟಗಾಗುತ್ತದೆ, ಎದ್ದು ಹೋಗುವುದಿಲ್ಲ.

ಏಪ್ರಿಲ್ 19, ಭಾನುವಾರ

ಬೆಳಗ್ಗೆ ಮೇಲಿನ ಗೋಡೆಗೂಡಿನಲ್ಲಿದ್ದ ರಸ್ಕಿನ ಡಬ್ಬ ಇಳಿಸಿಕೊಂಡು ಹೋದೆ. ಎರಡು ಸುತ್ತು ಈಜಿ ಬಾಬಿನ್ ಮೇಲೆ ಬಂದ. ತೊಟ್ಟಿಯ ಪಕ್ಕದ ಕಲ್ಲು ಚಪ್ಪಡಿ ಬಿಸಿಲಿಗೆ ಒಣಗಿ ಬೆಳ್ಳಗಿತ್ತು. ಅದರ ಮೇಲೆ ನಡೆದು ಹೋಗಿ ಮೈ ಕೊಡವಿದ. ನಾನು ಡಬ್ಬದ ಮುಚ್ಚಳ ತೆಗೆಯುತ್ತಾ ಸುಮ್ಮನೆ ಕೆಳಗೆ ನೋಡಿದೆ.

ನಾಲ್ಕು. ಮೂರು ದಪ್ಪ ಹೆಜ್ಜೆ, ಒಂದು ತೆಳ್ಳಗೆ, ಬೆರಳಿನ ತುದಿ ಮಾತ್ರ ಮೂಡಿದ್ದು. ಮುಂದಿನದೂ ನಾಲ್ಕು. ಅದರ ಮುಂದಿನದೂ.

ಕೂಗಲಿಲ್ಲ. ಕೂಗಿದರೆ ಅವನು ಮತ್ತೆ ಎತ್ತಿಬಿಟ್ಟಾನೆಂಬ ಹೆದರಿಕೆ. ಚಪ್ಪಡಿಯ ಪಕ್ಕ ಕುಕ್ಕರಿಸಿ ಆ ತೆಳ್ಳನೆಯ ಹೆಜ್ಜೆ ಆರುವ ತನಕ ನೋಡುತ್ತಾ ಕುಳಿತೆ. ಬಿಸಿಲು ಎಷ್ಟು ಬೇಗ ಒಣಗಿಸುತ್ತದೆ! ಆಮೇಲೆ ಮಾವನಿಗೆ ಹೇಳಿದೆ. ಅವರು ನಂಬದೆ, ಇನ್ನೊಮ್ಮೆ ಈಜಿಸಿ ತಾವೇ ಮಂಡಿಯೂರಿ ನೋಡಿದರು. ಎದ್ದು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರು. "ಬಿಸ್ಲು ಜಾಸ್ತಿ ಇವತ್ತು" ಅಂದರು.

ಮೇ 1, ಶುಕ್ರವಾರ

ಅತ್ತೆ ಕುಣಿಗಲ್ಲಿಗೆ ಹೋದರು, ಅಲ್ಲಿರುವ ಮಗಳ ಮಗುವಿನ ನಾಮಕರಣ. ಮುಂದಿನ ವಾರವೇ ಬರುವುದು. ಅಡುಗೆಮನೆ ನನ್ನ ಪಾಲಿಗೆ. ಮಾವನಿಗೆ ಮುದ್ದೆ ತಿರುವಿ ಹಾಕಿದೆ, ಗಂಟಿಲ್ಲ ಅಂತ ಹೊಗಳಿದರು. ಹೊಗಳಿ ಇನ್ನೊಂದು ಹಾಕಿಸಿಕೊಂಡರು.

ಮೇ 4, ಸೋಮವಾರ. ತುಮಕೂರು

ಮನೆಗೆ ಬಂದೆವು.

ಬೆಳಗ್ಗೆ ಕೊನೆಯ ಸಲ ತೊಟ್ಟಿಗಿಳಿದೆವು. ಬಾಬಿನ್‌ಗೆ ಅಂಗಿಯೂ ಬೇಕಾಗಿರಲಿಲ್ಲ. ಮಾವನಿಗೆ ನಾವು ಹೊರಡುವ ಬೇಜಾರು, ಬಾಯಿ ಬಿಟ್ಟು ಹೇಳುವವರಲ್ಲ. ನಿನ್ನೆ ಸಂಜೆ ಆ ಬೇಜಾರಿನಲ್ಲೇ ಕೈ ಹಳೆಯ ರೂಢಿಗೆ ಹೋಗಿದೆ, ಸ್ಟಾರ್ಟರ್ ಆಟೋಗೆ ಬಿದ್ದಿದೆ. ಬಾಬಿನ್ ಹೀಚುಕಾಯಿಯ ಹಿಂದೆ ಸರಿಯಾಗಿ ಪೈಪಿನ ಕೆಳಗೆ ಈಜುತ್ತಿದ್ದಾಗ ಟಕ್ ಅಂದಿತು. ನನ್ನ ಎದೆ ನಿಂತೇಹೋಯಿತು. ಪೈಪು ಕೆಮ್ಮಿತು. ಧೋ ಎಂದು ನೀರು ಬಿತ್ತು.

ಬಾಬಿನ್ ಮುಳುಗಿದ, ಎದ್ದ. ಮೆಟ್ಟಿಲ ಕಡೆ ತಿರುಗಲಿಲ್ಲ. ಧಾರೆಯ ಕಡೆಗೇ ತಿರುಗಿ, ಬೌ ಎಂದು ಬೈದು, ಆ ಬೀಳುವ ನೀರನ್ನು ಕಚ್ಚಲು ಹೋದ! ನೀರು ಮೂತಿಗೆ ಹೊಡೆಯುತ್ತದೆ, ಸೀನುತ್ತಾನೆ, ಮತ್ತೆ ಕಚ್ಚುತ್ತಾನೆ. ಮಾವ ಪಂಪ್‌ಮನೆಯಿಂದ ಪಂಚೆ ಎತ್ತಿಕೊಂಡು ಓಡಿ ಬಂದವರು ನೋಡಿ ಅಲ್ಲೇ ನಿಂತರು. "ಏನ್ಲಾ, ನನ್ ಬೋರನ್ನೇ ತಿಂತೀಯೇನ್ಲಾ!" ನಾನು ನಕ್ಕೆ, ಅತ್ತೆ ಇದ್ದಿದ್ದರೆ ನೋಡಬೇಕಿತ್ತು ಅಂತ ಇನ್ನೂ ನಕ್ಕೆ. ಎಷ್ಟೋ ತಿಂಗಳಿಂದ ಎದೆಯ ಮೇಲೆ ಕೂತಿದ್ದ ಏನೋ ಒಂದು ಎದ್ದು ಹೋಯಿತು. ಮೋಟಾರು ಆರಿಸಬೇಕೆಂದು ಇಬ್ಬರಿಗೂ ಅನ್ನಿಸಲಿಲ್ಲ.

ಆಮೇಲೆ ಹೊರಡುವ ಗಡಿಬಿಡಿ. ತಲೆ ಒರೆಸಿ, ಜಡೆ ಹಾಕಿ, ಒಂದು ಚೀಲ ತೆಂಗಿನಕಾಯಿ, ಬದನೆಕಾಯಿ, ನಾಯಿ. ಇವರು ಗಾಡಿ ತಂದು ಹಾರನ್ ಹೊಡೆಯುತ್ತಿದ್ದರು. ಪಾಷಾ ಅವರ ಅಂಗಡಿ ಮುಂದೆ ನಿಲ್ಲಿಸಿ ಅವರಿಗೆ ಎರಡು ತೆಂಗಿನಕಾಯಿ ಕೊಟ್ಟೆ. ಬಾಬಿನ್ ಇಳಿದು ಅವರ ಬಾಣಲೆಯಲ್ಲಿ ಕಾಲಿಟ್ಟು ಬಂದ, ನಾಲ್ಕೂ.

ಸೀದಾ ಡಾಕ್ಟರ್ ಮೋನಿಕಾ ಹತ್ತಿರ. ತೊಡೆ ಹಿಡಿದು ನೋಡಿದರು, ಕೀಲು ಮಡಚಿದರು, ಬಿಡಿಸಿದರು, ನಡೆಸಿದರು. ಸ್ವಲ್ಪ ಕುಂಟುತ್ತಾನೆ, ಕುಂಟಲಿ. "ಕಾಲು ತೆಗೆಯೋ ಮಾತೇ ಇಲ್ಲ ಮೇಡಂ. ಇನ್ನು ನೀವು ಬೇಡ ಅಂದ್ರೂ ಇವನು ಓಡ್ತಾನೆ." ಚೀಲದಿಂದ ಒಂದು ಬದನೆಕಾಯಿ ತೆಗೆದು ಅವರ ಕೈಗೆ ಕೊಟ್ಟೆ. ಯಾಕೆ ಕೊಟ್ಟೆನೋ.

ಮನೆಯಲ್ಲಿ ಇಂಪನಾ ಬಾಬಿನ್‌ನನ್ನು ಹಾಲ್ ಉದ್ದಕ್ಕೂ ಹತ್ತು ಸಲ ಓಡಿಸಿ ನೋಡಿದಳು. ಆಮೇಲೆ ನನ್ನ ಹಿಂದೆ ಬಂದು ನಿಂತಳು.

"ಅಮ್ಮ, ಜಡೆ ಯಾರು ಹಾಕಿದ್ದು? ಎಷ್ಟು ನೀಟಾಗಿದೆ."

"ಇನ್ಯಾರೇ ಹಾಕ್ತಾರೆ, ಅತ್ತೆ" ಅಂತ ಒಳಗೆ ಹೋದೆ.

ಈಗ ಇದನ್ನು ಬರೆಯುತ್ತಾ ಹಿಂದಿನ ಪುಟದ ಮೇಲೆ ಕಣ್ಣು ಬಿತ್ತು. ಅತ್ತೆ ಶುಕ್ರವಾರದಿಂದ ಕುಣಿಗಲ್ಲಿನಲ್ಲಿದ್ದಾರೆ.

ಕೈ ಎತ್ತಿ ಜಡೆಯ ಬುಡ ಮುಟ್ಟಿ ನೋಡಿಕೊಂಡೆ, ಮುಂದಕ್ಕೆ ಎಳೆದುಕೊಂಡೆ. ತುದಿಗೆ ಕಟ್ಟಿದ್ದು ಬಾಬಿನ್‌ನ ಅಂಗಿಯಿಂದ ಬಿಚ್ಚಿದ ಕೆಂಪು ಲಾಡಿ. ಗಂಟು ನನ್ನದೇ. ಬಾಬಿನ್ ಮೆಷಿನ್ ಕೆಳಗೆ ಮಲಗಿದ್ದಾನೆ, ಬೆಳಗ್ಗೆ ಎದ್ದು ಅಂಗಡಿ ಬಾಗಿಲು ತೆಗೆಯಬೇಕು.